ಸ್ಲೊವಾಕರ ಹೆಚ್ಚಿನ ತಾಟು

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ಮೊದಲು ಮೊಮ್ಮಗಳ ಮದುವೆ ಮುಗಿಯಲಿ ಎಂದೆ. ಮದುವೆ ಮುಗಿದ ಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆದರಾಯಿತು ಎಂದೆ. ಪೊರೆ ತೆಗೆದರು, ಎಲ್ಲವೂ ಸ್ವಚ್ಛ ಕಾಣತೊಡಗಿತು, ಮೊದಲು ಕಂಡದ್ದು ಕನ್ನಡಿಯಲ್ಲಿನ ನನ್ನ ಮುಖ. ಅದನ್ನು ನೋಡಿ ಮತ್ತಷ್ಟು ದಿನ ಮುಂದೂಡಿದೆ. ಹೇಡಿಗೆ ಮುಹೂರ್ತಗಳು ಬಹಳ.

ರಾಣೆಬೆನ್ನೂರಿನಲ್ಲಿ ನಮ್ಮದು ಸ್ಟೀಲ್ ಪಾತ್ರೆಗಳ ಅಂಗಡಿ. ಈಗ ಮಗ ನೋಡಿಕೊಳ್ಳುತ್ತಾನೆ. ನಾನು ಗಲ್ಲೆಯ ಪಕ್ಕದ ಕುರ್ಚಿಯಲ್ಲಿ ಕುಳಿತು ಬಂದವರಿಗೆ ಹಿರಿತನ ತೋರಿಸುತ್ತೇನೆ. ಓದಿದ್ದು ಹೈಸ್ಕೂಲಿನವರೆಗೆ. ನಮ್ಮ ಅಪ್ಪ ತೂತು ಬಿದ್ದ ಕೊಡಗಳಿಗೆ ಬೆಸುಗೆ ಹಾಕುತ್ತಿದ್ದವನು. ತಿದಿ, ಇದ್ದಿಲು, ತವರದ ಕಡ್ಡಿ, ನವಸಾಗರದ ಪುಡಿ, ಇಷ್ಟನ್ನೂ ಒಂದು ಗೋಣಿಚೀಲದಲ್ಲಿ ಕಟ್ಟಿಕೊಂಡು ಹಾವೇರಿ, ಬ್ಯಾಡಗಿ, ಕಾಗಿನೆಲೆ, ಕುಪ್ಪೇಲೂರು ಎಂದು ತಿರುಗುತ್ತಿದ್ದ. ಊರ ಬಾಗಿಲ ಬೇವಿನ ಮರದ ಕೆಳಗೆ ಕುಣಿ ತೋಡಿ ಬೆಂಕಿ ಹೂಡಿ, ಹಿತ್ತಾಳೆ ಪಾತ್ರೆಗೆ ಕಲಾಯಿ ಮಾಡುತ್ತಿದ್ದ, ಬಕೀಟಿಗೆ ಹೊಸ ತಳ ಹಾಕುತ್ತಿದ್ದ. ತಿದಿ ಒತ್ತುತ್ತಿದ್ದವನು ನನ್ನ ಅಣ್ಣ. ಇಬ್ಬರಲ್ಲಿ ಒಬ್ಬನನ್ನು ಮಾತ್ರ ಶಾಲೆಗೆ ಕಳಿಸಲು ಆಗುತ್ತಿತ್ತು. ಅಣ್ಣ ತಿದಿಯ ಹತ್ತಿರ ಕುಳಿತ, ನಾನು ಬೆಂಚಿನ ಮೇಲೆ ಕುಳಿತೆ. ಬೆಂಚಿನ ಮೇಲೆ ಕುಳಿತವನು ಮುಂದೆ ಅಂಗಡಿ ಹಾಕಿ, ಹಳೆಯ ಹಿತ್ತಾಳೆ ತಂದುಕೊಟ್ಟವರಿಗೆ ಹೊಸ ಸ್ಟೀಲು ಕೊಡುತ್ತ, ತನ್ನ ಅಪ್ಪನ ಕಸುಬನ್ನು ಸುತ್ತಲ ಮೂರು ತಾಲೂಕುಗಳಿಂದ ಅಳಿಸಿಹಾಕಿದ. ಅದು ವ್ಯಾಪಾರ, ಅದಕ್ಕೆ ನಾನು ಪಶ್ಚಾತ್ತಾಪ ಪಡುವುದಿಲ್ಲ. ಪಶ್ಚಾತ್ತಾಪ ಪಡಬೇಕಾದದ್ದು ಆಮೇಲಿನದು.

ಅಂಗಡಿ ಬೆಳೆದಂತೆ ನನಗೆ ಒಂದು ಮನೆತನ ಬೇಕಾಯಿತು. ನಮ್ಮ ಕಡೆ ಹಿರಿಯರ ಕೈಯಲ್ಲಿ ಕತ್ತಿ ಇರದಿದ್ದ ಮನೆತನ ನಿಮಗೆ ಸಿಗುವುದಿಲ್ಲ. ಇಷ್ಟೊಂದು ಜನ ಕತ್ತಿ ಹಿಡಿದು ನಿಂತಿದ್ದರೆ ಜೋಳ ಕೊಯ್ದವರು ಯಾರು ಎಂದು ಯಾರೂ ಕೇಳುವುದಿಲ್ಲ. ಒಬ್ಬರ ಮುತ್ತಜ್ಜ ಕೋಟೆಯ ಕಿಲ್ಲೇದಾರ, ಇನ್ನೊಬ್ಬರ ಮುತ್ತಜ್ಜ ಆನೆಯ ಮೇಲೆ ಬಂದವನು. ನಾನು ಕತ್ತಿಗಿಂತ ದೊಡ್ಡದನ್ನೇ ಹುಡುಕಿದೆ. ನಮ್ಮ ಹಿರಿಯರು ದೇಸಗತಿಯ ಕೋಟೆಗೆ ತೋಪುಗಳನ್ನು ಎರಕ ಹೊಯ್ಯುತ್ತಿದ್ದರು ಎಂದು ಹೇಳತೊಡಗಿದೆ. ಯಾವ ದೇಸಗತಿ, ಯಾವ ಕೋಟೆ ಎಂದು ಕೇಳಿದರೆ ಆಕಳಿಸುತ್ತಿದ್ದೆ. ಬಕೀಟಿನ ತಳದಿಂದ ತೋಪಿನ ಬಾಯಿಯವರೆಗೆ ನಮ್ಮ ವಂಶ ಬೆಳೆದದ್ದು ನನ್ನ ನಾಲಿಗೆಯ ಮೇಲೆ.

ಇಂಥ ಮನೆಗೆ ಬಾಡಿಗೆಗೆ ಬಂದವಳು ಆ ಸ್ಲೊವಾಕ್ ಹೆಂಗಸು.

ರಾಣೆಬೆನ್ನೂರು ಬೀಜದ ಊರು ಎಂಬುದು ಗೊತ್ತಿದ್ದದ್ದೇ. ಸುತ್ತಲ ಹೊಲಗಳಲ್ಲಿ ಹೆಣ್ಣುಮಕ್ಕಳು ಬೆಳಿಗ್ಗೆ ಬೆಳಿಗ್ಗೆ ಮೊಗ್ಗು ಬಿಡಿಸಿ, ಬೇರೆ ಹೂವಿನ ಪುಡಿಯನ್ನು ಬೆರಳಿನಿಂದ ಹಚ್ಚಿ, ಗುರುತಿಗೆ ನೂಲು ಕಟ್ಟಿ ಕ್ರಾಸಿಂಗ್ ಮಾಡುತ್ತಾರೆ. ಮೊಮ್ಮಗಳ ಮದುವೆಯ ಹಿಂದಿನ ಮುಂಗಾರಿನ ಹೊತ್ತಿಗೆ ಮೆಣಸಿನಕಾಯಿ ಬೀಜದ ಕೆಲಸ ನೋಡಲು ಹೊರದೇಶದಿಂದ ಒಬ್ಬ ತಜ್ಞೆ ಬಂದಳು. ವಯಸ್ಸು ಐವತ್ತರ ಮೇಲೆ, ಗಟ್ಟಿ ಆಳು, ಬಿಸಿಲಿಗೆ ಟೊಮೆಟೊ ಹಣ್ಣಿನಂತಾದ ಮುಖ. ಮೇಲಿನ ಮನೆಯನ್ನು ಅವಳಿಗೆ ಕೊಟ್ಟೆ. ಊರಿನವರು ಅವಳನ್ನು ರಶಿಯಾದ ಮೇಡಂ ಎಂದರು. ನಾನು ಓದಿದವನಲ್ಲವೇ, ಯುಗೊಸ್ಲಾವಿಯಾ ಎಂದೆ. ಅವಳು ನಕ್ಕು, ಪಾಸ್‌ಪೋರ್ಟ್ ಸರ್ಬಿಯಾದ್ದು, ಜನ ಸ್ಲೊವಾಕರು, ಆದರೆ ಸ್ಲೊವಾಕಿಯಾದಲ್ಲಿ ತಾನು ಒಂದು ದಿನವೂ ವಾಸ ಮಾಡಿಲ್ಲ ಎಂದಳು. ನನಗೆ ಇದು ಮೊದಲ ದಿನವೇ ಹಗುರವಾಗಿ ಕಂಡಿತು. ಊರಿಲ್ಲದ ಊರಿನವರು ಇವರೆಂಥವರು ಎಂದುಕೊಂಡೆ.

ಸಂಜೆ ಅವಳು ಕೆಳಗೆ ಬಂದು ನನ್ನ ಹೆಂಡತಿಯ ಜೊತೆ ಕಟ್ಟೆಯ ಮೇಲೆ ಕೂರುತ್ತಿದ್ದಳು. ಹೆಂಡತಿಯಿಂದ ನಮ್ಮ ಕನ್ನಡದ ನಾಲ್ಕು ಮಾತು ಕಲಿತಳು. ಉಳಿದದ್ದನ್ನು ಇಂಗ್ಲಿಷಿನಲ್ಲಿ ಹೇಳಿದರೆ ನನ್ನ ಹೈಸ್ಕೂಲಿನ ಇಂಗ್ಲಿಷು ಎಡವುತ್ತ ಕನ್ನಡ ಮಾಡುತ್ತಿತ್ತು. ಅವಳ ಜನ ಮೊದಲು ಇದ್ದದ್ದು ಉತ್ತರದ ಗುಡ್ಡಗಾಡಿನಲ್ಲಂತೆ. ಕಲ್ಲುಭೂಮಿ, ಆಲೂಗಡ್ಡೆ, ಕುರಿ. ತುರ್ಕರು ಬಿಟ್ಟುಹೋದ ತೆಂಕಣ ಬಯಲಿನಲ್ಲಿ ಉಳುವವರಿಲ್ಲದ ನೆಲವಿದೆ ಎಂದು ಕೇಳಿ ಎರಡೂವರೆ ಶತಮಾನದ ಹಿಂದೆ ಎತ್ತಿನ ಗಾಡಿಗಳಲ್ಲಿ ಇಳಿದು ಬಂದರಂತೆ. ಬರುವಾಗ ಬೀಜವನ್ನೂ ಬೈಬಲ್ಲನ್ನೂ ಹಾಡಿನ ಪುಸ್ತಕವನ್ನೂ ತಂದರು. ನೂಲು ಹಿಡಿದಂತೆ ನೇರ ಬೀದಿಗಳನ್ನು ಹಾಕಿಕೊಂಡು, ಸುತ್ತಲೂ ಬೇರೆ ಭಾಷೆಯವರಿದ್ದರೂ ತಮ್ಮ ಮಾತು ಬಿಡದೆ ಇಂದಿಗೂ ಇದ್ದಾರಂತೆ. ಇನ್ನು ಕೆಲವರು ಅಮೆರಿಕಕ್ಕೆ ಹೋಗಿ ಕಲ್ಲಿದ್ದಲ ಗಣಿಗೆ ಇಳಿದರು, ಉಕ್ಕಿನ ಕುಲುಮೆಗಳ ಮುಂದೆ ನಿಂತರು. ಗುಡ್ಡದಲ್ಲೇ ಉಳಿದವರನ್ನು ಸಾವಿರ ವರ್ಷ ಹಂಗೇರಿಯ ದೊರೆಗಳು ಆಳಿದರು. ಅವರ ಹೈಸ್ಕೂಲುಗಳನ್ನು ಮುಚ್ಚಿಸಿದರು.

"ನಿಮ್ಮ ಇತಿಹಾಸದಾಗ ಒಬ್ಬ ರಾಜಾನೂ ಇಲ್ಲೇನು?" ಎಂದು ನಾನು ಕೇಳಿದೆ.

ಅವಳು ಸ್ವಲ್ಪ ಯೋಚಿಸಿ, "ಅದಾನ. ಬ್ಯಾರೇವ್ರ ರಾಜಾ" ಎಂದಳು.

ನಾನು ಗಹಗಹಿಸಿ ನಕ್ಕೆ. ಅವಳೂ ನಕ್ಕಳು. ಅವಳು ತನ್ನ ಮಾತಿಗೆ ನಗುತ್ತಿದ್ದಳು, ನಾನು ಅವಳ ಜನಕ್ಕೆ ನಗುತ್ತಿದ್ದೆ. ಅಂಗಡಿಯಲ್ಲಿ ಕುಳಿತು ಇದನ್ನೇ ಎಲ್ಲರಿಗೂ ಹೇಳಿದೆ. ಕುರಿ ಕಾದವರು, ಗಣಿ ತೋಡಿದವರು, ಬೇರೆಯವರ ರಾಜನಿಗೆ ಕಂದಾಯ ಕಟ್ಟಿದವರು, ಇದನ್ನು ಇತಿಹಾಸ ಅಂತ ಹೇಳಿಕೊಳ್ಳಲು ಆ ಹೆಂಗಸಿಗೆ ನಾಚಿಕೆಯೂ ಇಲ್ಲ ಎಂದೆ. ತೋಪು ಎರಕ ಹೊಯ್ದವರ ಮೊಮ್ಮಗನಿಗೆ ಅಷ್ಟು ಹಕ್ಕು ಇರಬೇಕಲ್ಲ!

ಬ್ಯಾಡಗಿ ಮೆಣಸಿನಕಾಯಿ ಕಂಡರೆ ಅವಳಿಗೆ ತವರು ಮನೆ ಕಂಡಷ್ಟು ಹಿಗ್ಗು. ಅವರ ಬಯಲಿನಲ್ಲೂ ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಮೆಣಸಿನಕಾಯಿಯೇ ಬೆಳೆಯುವುದಂತೆ. ಸುಗ್ಗಿಯಲ್ಲಿ ಅದನ್ನು ಸೂಜಿದಾರದಿಂದ ಪೋಣಿಸಿ ಮನೆಯ ಗೋಡೆಗೆ ತೂಗುಬಿಡುತ್ತಾರಂತೆ. ಬ್ಯಾಡಗಿಯ ಮಾರುಕಟ್ಟೆಯಿಂದ ಒಂದು ಚೀಲ ತಂದು, ನನ್ನ ಹೆಂಡತಿಯನ್ನೂ ಕೂರಿಸಿಕೊಂಡು ಮಾರುದ್ದ ಮಾಲೆ ಮಾಡಿ, ನಮ್ಮ ಮಹಡಿಯಿಂದ ಬೀದಿಗೆ ಕಾಣುವಂತೆ ಇಳಿಬಿಟ್ಟಳು. ಊರಿನವರಿಗೆ ಲಿಂಬೆಹಣ್ಣಿನ ಕೆಳಗೆ ಕಟ್ಟುವ ನಾಲ್ಕು ಮೆಣಸಿನಕಾಯಿ ಗೊತ್ತು. ಇಷ್ಟು ದೊಡ್ಡ ಮಾಲೆ ಹಾಕಬೇಕಾದರೆ ಸಾವಕಾರರಿಗೆ, ಅಂದರೆ ನನಗೆ, ಯಾರದೋ ಭಾರೀ ಕಣ್ಣು ತಾಕಿರಬೇಕು ಎಂದು ಮಾತಾಯಿತು. ಒಬ್ಬರು ಬಂದು ಕದರಮಂಡಲಗಿ ಹನುಮಪ್ಪನಿಗೆ ವೀಳ್ಯದ ಎಲೆಪೂಜೆ ಮಾಡಿಸಿಬಿಡಿ ಎಂದು ಸಲಹೆಯನ್ನೂ ಕೊಟ್ಟು ಹೋದರು.

ಅವಳ ಕಪಾಟಿನಲ್ಲಿ ಒಂದು ಮಣ್ಣಿನ ಗಡಿಗೆ ಇತ್ತು. ಅಡ್ಡಡ್ಡ ಬಿರುಕು ಬಿಟ್ಟದ್ದು. ಆ ಬಿರುಕು ಬಾಯ್ಬಿಡದಂತೆ ಸುತ್ತಲೂ ತಂತಿಯ ಬಲೆ ಹೆಣೆದಿತ್ತು. ದೇಶ ದಾಟಿ ತಂದದ್ದು. ನಮ್ಮಲ್ಲಿ ಒಡೆದ ಗಡಿಗೆಯನ್ನು ಯಾರು ಇಟ್ಟುಕೊಳ್ಳುತ್ತಾರೆ, ಅದು ಸುಡುಗಾಡಿನ ಸಾಮಾನು ಎಂದೆ. ಅವಳು ಅದರ ಕಥೆ ಹೇಳಿದಳು. ಸ್ಲೊವಾಕ್ ಗುಡ್ಡಗಳಲ್ಲಿ ತಂತಿಗಾರರು ಎಂಬವರಿದ್ದರಂತೆ. ಹೊಲ ಸಾಲದ ಹಳ್ಳಿಗಳ ಗಂಡಸರು ಬೆನ್ನಿಗೆ ಪೆಟ್ಟಿಗೆ ಕಟ್ಟಿ, ಅಗಲ ಟೋಪಿ ಹಾಕಿ, ತಂತಿಯ ಸುರುಳಿ ಹಿಡಿದು ಮನೆ ಮನೆಗೆ ಹೋಗಿ ಒಡೆದ ಗಡಿಗೆಗೆ ತಂತಿ ಹೆಣೆಯುತ್ತಿದ್ದರು, ತೂತಾದ ಬೋಗುಣಿಗೆ ತಗಡು ಬಡಿಯುತ್ತಿದ್ದರು. ರಶಿಯಾದವರೆಗೆ ನಡೆದವರು, ಹಡಗು ಹತ್ತಿ ಅಮೆರಿಕದವರೆಗೆ ಹೋದವರು. ಹಾಗೆ ತಿರುಗುತ್ತ ಒಬ್ಬ ತಂತಿಗಾರ ಅವಳ ಬಯಲಿನ ಹಳ್ಳಿಗೆ ಕ್ರಿಸ್ಮಸ್ಸಿನ ಹಿಂದಿನ ಸಂಜೆ ಬಂದು ಒಂದು ಬಾಗಿಲು ತಟ್ಟಿದ. ಆ ಸಂಜೆಯ ಊಟಕ್ಕೆ ಸ್ಲೊವಾಕರು ಮನೆಮಂದಿಗಿಂತ ಒಂದು ತಾಟು ಹೆಚ್ಚಿಗೆ ಇಡುತ್ತಾರಂತೆ, ದಾರಿಹೋಕ ಯಾರಾದರೂ ಬಂದರೆ ಇರಲಿ ಎಂದು. ಅವನನ್ನು ಆ ತಾಟಿಗೆ ಕೂರಿಸಿದರು. ಅವನು ಆ ಮನೆಯ ಗಡಿಗೆಗೆ ತಂತಿ ಹೆಣೆದುಕೊಟ್ಟ, ಚಳಿ ಕಳೆಯುವವರೆಗೆ ಉಳಿದ, ಕೊನೆಗೆ ಮನೆಯ ಅಳಿಯನಾದ. ಅವನು ಅವಳ ಅಜ್ಜಿಯ ಅಜ್ಜ. ಆ ತಾಟು ಇಲ್ಲದಿದ್ದರೆ ನಾನೂ ಇಲ್ಲ ಎಂದಳು.

ನನ್ನ ಹೆಂಡತಿ ಮೆಲ್ಲಗೆ ನನ್ನ ಕಡೆ ನೋಡಿದಳು. ಅವಳು ನೋಡಿದ್ದು ಯಾಕೆಂದು ನನಗೆ ಗೊತ್ತಿತ್ತು. ಎದುರಿಗೆ ಕುಳಿತವಳು ಏಳು ಸಮುದ್ರದಾಚೆಯಿಂದ ಬಂದು ನಮ್ಮ ಅಪ್ಪನ ಚೀಲವನ್ನೇ ನಮ್ಮ ಮುಂದೆ ಬಿಚ್ಚಿದ್ದಳು. "ಹೌದಾ, ನಮ್ಮ ಮನೆಯಲ್ಲೂ ಹಾಗೇ" ಎಂದರೆ ಮುಗಿಯುತ್ತಿತ್ತು. ನಾನು ತೋಪಿನ ಕಥೆ ಹೇಳಿದೆ.

ದೀಪಾವಳಿ ಕಳೆದ ಮೇಲೆ ಮೊಮ್ಮಗಳಿಗೆ ಹಾವೇರಿಯಿಂದ ಒಂದು ಸಂಬಂಧ ಬಂತು. ಅವರದೂ ಅಂಗಡಿ, ಅವರದೂ ಕಿಲ್ಲೇದಾರನ ಮನೆತನ. ಮಾತು ಬಂದಾಗ ಹುಡುಗನ ತಂದೆ, ನಿಮ್ಮ ಅಣ್ಣನವರು ಏನು ಮಾಡುತ್ತಾರೆ ಎಂದು ಕೇಳಿದರು. ಅಣ್ಣ ಬ್ಯಾಡಗಿಯಲ್ಲಿ ಇದ್ದ. ಕಲಾಯಿ ಕೇಳುವವರು ಇಲ್ಲವಾದ ಮೇಲೆ ಸ್ಟೋವು, ಕುಕ್ಕರು ರಿಪೇರಿಗೆ ಕೈ ಹಾಕಿದ್ದ. ಮೆಣಸಿನಕಾಯಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಪತ್ರಾಸಿನ ತಗಡು ಹೊದಿಸಿದ ಒಂದು ಗೂಡು. ವಾರಕ್ಕೊಮ್ಮೆ ಚೀಲ ಹೊತ್ತು ಕಾಗಿನೆಲೆ ಕಡೆಯ ಬಸ್ಸು ಹತ್ತುತ್ತಿದ್ದ. "ಅಣ್ಣಂದು ಬ್ಯಾಡಗ್ಯಾಗ ಮೆಣಸಿನಕಾಯಿ ದಲಾಲಿ ಅಂಗಡಿ" ಎಂದೆ. ಮಾತು ಬಾಯಿಂದ ಸರಾಗವಾಗಿ ಬಂತು. ಹತ್ತಿರ ಕುಳಿತ ನನ್ನ ಮಗ ತಲೆ ತಗ್ಗಿಸಿ ಮೊಬೈಲ್ ನೋಡಿದ. ಅವನೂ ನನ್ನ ಮಗನೇ.

ಹೀಗೆ ಅಣ್ಣನನ್ನು ದಲಾಲ ಮಾಡಿದ ಮೇಲೆ ಅವನನ್ನು ಬೀಗರ ಕಣ್ಣಿಗೆ ಬೀಳದಂತೆ ಇಡುವುದೇ ನನ್ನ ಕೆಲಸವಾಯಿತು. ಅಣ್ಣ ವರ್ಷವರ್ಷವೂ ಎಳ್ಳ ಅಮಾವಾಸ್ಯೆಯ ಮುಂದೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಸಿಕೊಂಡು ನಮ್ಮ ಮನೆಗೆ ಬರುತ್ತಿದ್ದ. ಆ ವರ್ಷ ಬರುವುದು ಬೇಡ, ಫೋನ್ ಮಾಡಿ ಹೇಳು ಎಂದು ಹೆಂಡತಿಗೆ ಹೇಳಿದೆ. ಅವಳು ಹೂಂ ಎಂದಳು, ಹೇಳಲಿಲ್ಲ. ಮರೆತದ್ದಲ್ಲ.

ಅದೇ ವಾರ ಬಾಡಿಗೆಯವಳ ಕ್ರಿಸ್ಮಸ್ ಹಬ್ಬ ಬಂತು. ಅಡುಗೆ ತಾನೇ ಮಾಡುತ್ತೇನೆ, ನಿಮ್ಮ ಮನೆಯವರೆಲ್ಲ ಮೇಲೆ ಊಟಕ್ಕೆ ಬರಬೇಕು ಎಂದಳು. ಪರದೇಶದವಳು ನಮ್ಮ ಮನೆಯಲ್ಲಿ ಇದ್ದಾಳೆ, ನಮ್ಮ ಜೊತೆ ಕೂತು ಉಣ್ಣುತ್ತಾಳೆ ಎಂಬುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಸಮಯ ಯಾವುದು? ಹಾವೇರಿಯ ಬೀಗ ಬೀಗಿತ್ತಿಯನ್ನೂ ಕರೆಸಿಕೊಂಡೆ. ಮೊಮ್ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದಳು. ಮಗ ಸೊಸೆ ಅಂಗಡಿ ಮುಚ್ಚಿಕೊಂಡು ಆಮೇಲೆ ಬರುವವರಿದ್ದರು.

ಊಟಕ್ಕೆ ಕೂರಬೇಕಾದರೆ ಆಕಾಶದಲ್ಲಿ ಮೊದಲ ಚುಕ್ಕಿ ಕಾಣಬೇಕಂತೆ. ಬೀಗರು ಕಿಟಕಿಯಲ್ಲಿ ನಿಂತು ಹುಡುಕಿದರು, ಬೀಗಿತ್ತಿಗೆ ಅದು ಕಂಡಿತು. ಬಾಡಿಗೆಯವಳು ಎಲ್ಲರ ಹಣೆಗೆ ಬೆರಳಿನಿಂದ ಜೇನುತುಪ್ಪ ಹಚ್ಚಿದಳು. ಕಾಗದದಷ್ಟು ತೆಳ್ಳಗಿನ ಹಪ್ಪಳದಂಥದಕ್ಕೆ ಜೇನುತುಪ್ಪವನ್ನೂ ಹಸಿ ಬೆಳ್ಳುಳ್ಳಿಯನ್ನೂ ಸೇರಿಸಿ ಕೊಟ್ಟಳು. ಅದನ್ನು ನುಂಗುವಾಗ ಬೀಗರು ತೋರಿದಷ್ಟು ಧೈರ್ಯವನ್ನು ಅವರ ಕಿಲ್ಲೇದಾರ ಮುತ್ತಜ್ಜನೂ ತೋರಿರಲಾರ. ಹುಳಿ ಬರಿಸಿದ ಕೋಸಿನ ಸಾರಿನ ವಾಸನೆಗೆ ಪಕ್ಕದ ಮನೆಯವರು ಗಟಾರ ಕಟ್ಟಿದೆಯೇ ಎಂದು ಕೂಗಿ ಕೇಳಿದರು. ಗಸಗಸೆಯಲ್ಲಿ ಹೊರಳಿಸಿದ ಸಿಹಿ ಉಂಡೆಗಳು ಮಾತ್ರ ಎಲ್ಲರಿಗೂ ಸೇರಿದವು. ಸೇಬನ್ನು ಅಡ್ಡ ಕೊಯ್ದು ಒಳಗೆ ನಕ್ಷತ್ರ ಮೂಡಿದೆಯೇ ನೋಡಿದಳು. ಮೂಡಿತ್ತು, ಎಲ್ಲರಿಗೂ ಆರೋಗ್ಯ ಎಂದಳು.

ಮೇಜಿನ ಕೊನೆಯಲ್ಲಿ ಯಾರೂ ಕೂರದ ಒಂದು ತಾಟು ಇತ್ತು. ಬೀಗರು ಅದೇನು ಎಂದು ಕೇಳಿದರು. ಅವಳು ಇಂಗ್ಲಿಷಿನಲ್ಲಿ ತಂತಿಗಾರನ ಕಥೆಯನ್ನು ಉತ್ಸಾಹದಿಂದ ಹೇಳಿದಳು, ಕನ್ನಡಕ್ಕೆ ತರುವುದು ನನ್ನ ಪಾಲಿಗೆ ಬಂತು. ನಾನು ಏನು ತಂದೆ ಗೊತ್ತೇ? "ಇವ್ರ ಅಜ್ಜ ದಂಡಿನಾಗ ಸರದಾರ ಇದ್ದನಂತ್ರಿ. ಯುದ್ಧಕ್ಕ ಹೋದಾವ ತಿರುಗಿ ಬರ್ತಾನಂತ ತಾಟ ಇಡತಾರಂತ" ಎಂದೆ. ಬೀಗರು ಗೌರವದಿಂದ ತಲೆ ಆಡಿಸಿದರು. ಅವರ ಗೌರವ ನೋಡಿ ಬಾಡಿಗೆಯವಳಿಗೆ ಸಂತೋಷವಾಯಿತು. ನನ್ನ ಅಪ್ಪನ ಕಸುಬನ್ನು ಮುಚ್ಚಿಟ್ಟದ್ದು ಸಾಲದೆ ಅವಳ ಅಜ್ಜನ ಪೆಟ್ಟಿಗೆಯನ್ನೂ ಕಸಿದು ಅವನ ಕೈಗೆ ಕತ್ತಿ ಕೊಟ್ಟಿದ್ದೆ.

ಆಗ ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟ ಸದ್ದಾಯಿತು. ಕೆಳಗೆ ಯಾರೂ ಇಲ್ಲವೆಂದು ಅಣ್ಣ ಮೇಲೆ ಬಂದಿದ್ದ. ಹೆಗಲಿಗೆ ಸಾಮಾನಿನ ಚೀಲ, ಕೈಯಲ್ಲಿ ಧೋತರದ ತುಂಡಿನಲ್ಲಿ ಕಟ್ಟಿದ ರೊಟ್ಟಿಯ ಗಂಟು. ಮಸಿ ಹತ್ತಿದ ಉಗುರು. ಇಷ್ಟು ಜನರನ್ನು ನೋಡಿ ಬಾಗಿಲಲ್ಲೇ ನಿಂತ.

"ಯಾರ್ರಿ ಇವ್ರು?" ಎಂದರು ಬೀಗರು.

ಬಾಡಿಗೆಯವಳು ಚೀಲದಿಂದ ಇಣುಕುತ್ತಿದ್ದ ತಂತಿ, ಇಕ್ಕಳ ನೋಡಿದಳು. ನನ್ನ ಹೆಂಡತಿ ನನ್ನನ್ನು ನೋಡಿದಳು. ಹೇಳಬೇಕಾದವನು ತಮ್ಮ ಎಂಬಂತೆ ಅಣ್ಣನೂ ನನ್ನ ಕಡೆ ತಿರುಗಿದ. ಇಷ್ಟು ಸುಲಭದ ಪ್ರಶ್ನೆ ನನಗೆ ಹೈಸ್ಕೂಲಿನಲ್ಲೂ ಯಾರೂ ಕೇಳಿರಲಿಲ್ಲ.

"ಯಾರಿಲ್ರಿ, ಕುಕ್ಕರ್ ರಿಪೇರಿಯಾವ. ಹೇಳಿ ಕಳಿಸಿದ್ವಿ" ಎಂದೆ.

ಅಣ್ಣನ ಮುಖದಲ್ಲಿ ಸಿಟ್ಟು ಬರುತ್ತದೆ ಎಂದು ಕಾದೆ. ಬರಲಿಲ್ಲ. ತೂತಾದ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡುವವನಂತೆ ನನ್ನನ್ನು ಒಮ್ಮೆ ನೋಡಿದ.

"ಹೌದ್ರಿ ಸಾವಕಾರ್ರ" ಎಂದ. "ಕುಕ್ಕರ್ ಕೊಡ್ರಿ. ಬಸ್ಸಿನ ಹೊತ್ತಾತು."

ಬಾಡಿಗೆಯವಳು ಎದ್ದು ಹೋಗಿ ಅವನ ಮೊಣಕೈ ಹಿಡಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ತಾನು ಹುಟ್ಟಿದಾಗಿನಿಂದ ಮನೆಯಲ್ಲಿ ಪ್ರತಿವರ್ಷ ಇಡುತ್ತ ಬಂದ ತಾಟಿಗೆ ಇಷ್ಟು ದೂರದ ಊರಿನಲ್ಲಿ ಮೊದಲ ಸಲ ಒಬ್ಬ ಬಂದಿದ್ದ, ಅದೂ ತಂತಿ ಇಕ್ಕಳ ಹಿಡಿದುಕೊಂಡು.

"ಬಾ, ಕುಂದರು" ಎಂದಳು, ನನ್ನ ಹೆಂಡತಿ ಕಲಿಸಿದ ಕನ್ನಡದಲ್ಲಿ. "ಇದು ನಿಂದ ತಾಟ."

"ಬ್ಯಾಡವಾ ತಾಯಿ. ನಂದು ಊಟ ಆಗೇತಿ" ಎಂದ ಅಣ್ಣ. ಅವನು ಬ್ಯಾಡಗಿಯಿಂದ ಬಂದದ್ದೇ ನಮ್ಮ ಮನೆಯಲ್ಲಿ ಉಣ್ಣಲು.

ನನ್ನ ಹೆಂಡತಿ ಕೆಳಗೆ ಹೋಗಿ ಕುಕ್ಕರ್ ತಂದಳು. ನಮ್ಮ ಅಂಗಡಿಯದೇ, ಏನೂ ಕೆಟ್ಟಿರದ ಹೊಸ ಕುಕ್ಕರ್. ತಲೆಯ ತುಂಬ ಸೆರಗು ಹೊದ್ದು, ಬಗ್ಗಿ, ಎರಡೂ ಕೈಯಿಂದ ಅವನಿಗೆ ಕೊಟ್ಟಳು. ಅವನ ಕೈಯಿಂದ ರೊಟ್ಟಿಯ ಗಂಟು ತೆಗೆದುಕೊಂಡಳು. ನಮ್ಮಲ್ಲಿ ಗಂಡನ ಅಣ್ಣನ ಮುಂದೆ ಹೆಂಗಸರು ಹಾಗೆ ಸೆರಗು ಹೊದೆಯುತ್ತಾರೆ, ಕುಕ್ಕರ್ ರಿಪೇರಿಯವನ ಮುಂದೆ ಹೊದೆಯುವುದಿಲ್ಲ. ಬೀಗರ ಕಡೆ ಕಣ್ಣು ಹಾಯಿಸಿದೆ. ಬೀಗಿತ್ತಿ ಉಂಡೆ ತಿನ್ನುತ್ತಿದ್ದಳು. ನೋಡಲಿಲ್ಲ ಎಂದುಕೊಂಡು ಸಮಾಧಾನ ಮಾಡಿಕೊಂಡೆ. ಅಣ್ಣ ಮೆಟ್ಟಿಲಿಳಿದು ಹೋದ. ಆ ತಾಟು ಖಾಲಿಯೇ ಉಳಿಯಿತು. ಬಾಡಿಗೆಯವಳು ಊಟ ಮುಗಿಯುವವರೆಗೂ ಅದನ್ನು ಎತ್ತಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ.

ವಾರದ ಮೇಲೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕುಕ್ಕರ್ ಮರಳಿ ಬಂತು. ಅಣ್ಣ ಅದನ್ನು ಕನ್ನಡಿಯಂತೆ ತಿಕ್ಕಿದ್ದ. ಹೊಸ ರಬ್ಬರು, ಹೊಸ ಸೀಟಿ. ಕೆಟ್ಟಿರಲಿಲ್ಲ, ಆದರೂ ಹೇಳಿ ಕಳಿಸಿದ್ದರಲ್ಲ, ಅದಕ್ಕೆ ಹಾಕಿದ್ದೇನೆ ಎಂದು ಹೇಳಿ ಕಳಿಸಿದ್ದ.

ಸುಳ್ಳಿಗೆ ಒಂದು ಗುಣವಿದೆ, ಅದು ತನ್ನ ಕೂಸುಗಳನ್ನು ತಾನೇ ಹೆರುತ್ತದೆ. ಬೀಗರು ಅಣ್ಣನನ್ನು ರಿಪೇರಿಯವನೆಂದು ಕಂಡಾಗಿತ್ತು. ಇನ್ನು ಅವನನ್ನು ಬ್ಯಾಡಗಿಯ ದಲಾಲನೆಂದು ಮದುವೆಯ ಚಪ್ಪರಕ್ಕೆ ಕರೆತರುವುದು ಹೇಗೆ? ಬೇರೆ ಅಂಗಿ ತೊಡಿಸಿದರೂ ಮುಖ ಬದಲಾಗುವುದಿಲ್ಲ. ಹಾಗಾಗಿ ಮನೆಯ ಹಿರಿಯ, ಮೊದಲ ಅಕ್ಷತೆ ಹಾಕಬೇಕಾದವನು, ಮೊಮ್ಮಗಳ ಮದುವೆಗೆ ಬರಲೇಬಾರದು ಎಂದಾಯಿತು. ಅದನ್ನು ಹೇಳಲು ನಾನು ಹೋಗಲಿಲ್ಲ. ಮಗನನ್ನು ಕಳಿಸಿದೆ. ಅಣ್ಣ ಅವನಿಗೆ ಚಹಾ ಕುಡಿಸಿ, ಮಂಡಿನೋವಿದೆ, ಹಾವೇರಿಯವರೆಗೆ ಬಸ್ಸಿನಲ್ಲಿ ಕೂರಲಾಗುವುದಿಲ್ಲ ಎಂದು ತಾನೇ ನೆಪ ಕೊಟ್ಟು ಕಳಿಸಿದನಂತೆ. ನನ್ನ ಮಗನಿಗೆ ಬಾಯಿ ಬಿಡುವ ಕಷ್ಟವನ್ನೂ ಕೊಡಲಿಲ್ಲ.

ಮದುವೆಗೆ ಮೊದಲೇ ಬಾಡಿಗೆಯವಳ ಕೆಲಸ ಮುಗಿಯಿತು. ಹೊರಡುವ ಮುಂದೆ ಅವಳನ್ನು ನನ್ನ ಹೆಂಡತಿ, ಆ ಸಂಜೆ ಬಂದವನು ನನ್ನ ಅಣ್ಣನೆಂದು ಹೇಳಿ, ಬ್ಯಾಡಗಿಗೆ ಕರೆದುಕೊಂಡು ಹೋಗಿದ್ದಳೆಂದು ನನಗೆ ಆಮೇಲೆ ತಿಳಿಯಿತು. ಅಣ್ಣನ ಗೂಡಿನ ಮುಂದೆ ಸ್ಟೂಲಿನ ಮೇಲೆ ಕುಳಿತು ಅವಳು ತಂತಿ ಹೆಣೆದ ಗಡಿಗೆಯನ್ನು ಅವನ ಕೈಗೆ ಕೊಟ್ಟಳಂತೆ. ಇವನು ತನ್ನ ಮಾತು, ಅವಳು ತನ್ನ ಮಾತು ಆಡುತ್ತ ಇಬ್ಬರೂ ಬಹಳ ಹೊತ್ತು ನಕ್ಕರಂತೆ. ಯಾಕೆ ನಕ್ಕರು ಎಂದು ಕೇಳಿದೆ. ನನಗೇನು ಗೊತ್ತು, ಕಸುಬಿನವರ ಮಾತು ಎಂದಳು ಹೆಂಡತಿ. ರೈಲು ನಿಲ್ದಾಣದಲ್ಲಿ ನಾನು ಬಾಡಿಗೆಯವಳಿಗೆ, ಆ ಸಂಜೆ ತಪ್ಪಾಯಿತು, ಕ್ಷಮಿಸಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಇಂಗ್ಲಿಷಿನಲ್ಲಿ ಕ್ಷಮೆ ಕೇಳುವುದು ಬಹಳ ಸುಲಭ, ನಾಲಿಗೆಗೆ ತಾಕುವುದಿಲ್ಲ. ಅವಳು ಕನ್ನಡದಲ್ಲಿ ಉತ್ತರ ಕೊಟ್ಟಳು.

"ನನಗ ಯಾಕ? ತಾಟ ನಂದಲ್ಲ."

ಹಾವೇರಿಯ ಕಲ್ಯಾಣಮಂಟಪದಲ್ಲಿ ಮದುವೆ ಆಯಿತು. ಬಂದವರಿಗೆಲ್ಲ ನಮ್ಮ ಅಣ್ಣನವರಿಗೆ ಆರಾಮ ಇಲ್ಲ ಎಂದೆ. ಹೇಳಿ ಹೇಳಿ ನನಗೇ ನಂಬಿಕೆ ಬಂದಿತ್ತು. ಬೀಗರ ಪಂಕ್ತಿ ಕೂತಾಗ ನೋಡುತ್ತೇನೆ, ನನ್ನ ಎಲೆಗೆ ಹತ್ತಿದಂತೆ ಇನ್ನೊಂದು ಎಲೆ, ಅದರ ಮುಂದೆ ಯಾರೂ ಇಲ್ಲ. ನನ್ನ ಹೆಂಡತಿ ಉಪ್ಪಿನಿಂದ ಹಿಡಿದು ಹೋಳಿಗೆ ತುಪ್ಪದವರೆಗೆ ಒಂದೂ ಬಿಡದೆ ತಾನೇ ನಿಂತು ಅದಕ್ಕೆ ಬಡಿಸಿದಳು. ತೆಗೆಸು ಎಂದು ಕಣ್ಣಲ್ಲೇ ಹೇಳಿದೆ. ಅವಳು ನೀರಿನ ಲೋಟ ತಂದಿಟ್ಟಳು. ಯಾರೋ ಒಬ್ಬರು ಜಾಗ ಖಾಲಿ ಇದೆಯೆಂದು ಕೂರಲು ಬಂದಾಗ ತಡೆದಳು.

"ಕುಂದರಬ್ಯಾಡ್ರಿ. ಅದು ಬರಬೇಕಾದವ್ರದು."

ಬೀಗಿತ್ತಿ ನನ್ನ ಎದುರಿನ ಸಾಲಿನಲ್ಲಿ ಹೆಂಗಸರಿಗೆ ಬಡಿಸುತ್ತಿದ್ದಳು. ಆ ಎಲೆಯನ್ನು ನೋಡಿ, ಹತ್ತಿರ ಬಂದು ನನ್ನ ಹೆಂಡತಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. "ಅವತ್ತ ನಿಮ್ಮ ಸೆರಗ ನೋಡಿದಾಗ ತಿಳಿದಿತ್ರೀ ಯಕ್ಕಾರ. ನಾವ ಸುಮ್ಮಕಾದ್ವಿ."

ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದರು, ಯಾಕೆಂದರೆ ಅವರಿಗೂ ನೆಂಟರಿಷ್ಟರ ಮುಂದೆ ಹೇಳಿಕೊಳ್ಳಲು ತೋಪು ಎರಕ ಹೊಯ್ದವರು ಬೇಕಾಗಿತ್ತು. ಅಂದರೆ ಆ ಸಂಜೆ ಮೇಜಿನ ಸುತ್ತ ಕುಳಿತವರಲ್ಲಿ, ಬಾಡಿಗೆಯವಳನ್ನು ಬಿಟ್ಟರೆ, ಯಾರೂ ಮೋಸ ಹೋಗಿರಲಿಲ್ಲ. ಎಲ್ಲರೂ ಕೂಡಿ ಒಬ್ಬ ಮುದುಕನನ್ನು ಹಸಿದ ಹೊಟ್ಟೆಯಲ್ಲಿ ಬ್ಯಾಡಗಿ ಬಸ್ಸು ಹತ್ತಿಸಿದೆವು, ಅಷ್ಟೇ. ಇದು ನಮ್ಮ ಮನೆತನಗಳ ಚರಿತ್ರೆ. ರಾಜರಿಲ್ಲದ ಆ ಜನ ತಮ್ಮ ತಿರುಕ ತಂತಿಗಾರನಿಗೆ ಇಂದಿಗೂ ತಾಟು ಇಡುತ್ತಾರೆ, ಗಣಿಗೆ ಹೋದರೂ ಇಡುತ್ತಾರೆ, ಬೇರೆಯವರ ದೇಶದಲ್ಲಿ ಕೂತರೂ ಇಡುತ್ತಾರೆ. ನಾವು ಮನೆಗೆ ಬಂದ ಅಣ್ಣನಿಗೆ ಕುಕ್ಕರ್ ಕೊಟ್ಟು ಕಳಿಸುತ್ತೇವೆ, ಆಮೇಲೆ ಗೋಡೆಗೆ ಮರದ ಕತ್ತಿ ತೂಗುಹಾಕುತ್ತೇವೆ.

ಅಲ್ಲಿಂದ ಮುಂದೆ ನಾನು ಕ್ಷಮೆ ಕೇಳುವ ಚಾಳಿಗೆ ಬಿದ್ದೆ. ಬೀಗರನ್ನು ಕೇಳಿದೆ. ಅವರು ನಕ್ಕು, ಇರಲಿ ಬಿಡಿ, ನಮ್ಮಜ್ಜನೂ ಕುದುರೆ ಹತ್ತಿದವನಲ್ಲ, ಹಾವೇರಿ ಸಂತೆಯಲ್ಲಿ ಹಗ್ಗ ಮಾರುತ್ತಿದ್ದ ಎಂದರು. ಮೊಮ್ಮಗಳನ್ನು ಕೇಳಿದೆ. ಅವಳು ಅಳುತ್ತ, ದೊಡ್ಡಜ್ಜ ಯಾಕೆ ಬರಲಿಲ್ಲ ಎಂದು ನನಗೆ ಆವತ್ತೇ ಹೇಳಬೇಕಿತ್ತು ಎಂದಳು. ಕದರಮಂಡಲಗಿಗೆ ಹೋಗಿ ಹನುಮಪ್ಪನ ಮುಂದೆ ಕೈಮುಗಿದು ನಿಂತೆ; ದೇವರು ತಿರುಗಿ ಮಾತಾಡುವುದಿಲ್ಲವಾದ್ದರಿಂದ ಅದು ಎಲ್ಲಕ್ಕಿಂತ ಸುಲಭವಾಯಿತು. ಕೊನೆಗೆ ಹೆಂಡತಿಯನ್ನು ಕೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನನ್ನ ಕೇಳಬ್ಯಾಡ್ರಿ. ಬ್ಯಾಡಗಿ ಬಸ್ಸ ತಾಸಿಗೊಂದ ಐತಿ."

ಆ ಬಸ್ಸನ್ನು ನಾನು ಹತ್ತುತ್ತೇನೆ. ತಿಂಗಳಿಗೊಮ್ಮೆಯಾದರೂ ಹತ್ತುತ್ತೇನೆ. ಬ್ಯಾಡಗಿ ಹತ್ತಿರವಾದಂತೆ ಮೆಣಸಿನಕಾಯಿಯ ಘಾಟಿಗೆ ಕಣ್ಣಲ್ಲಿ ನೀರು ಬರುತ್ತದೆ. ಪಕ್ಕದಲ್ಲಿ ಕುಳಿತವರಿಗೂ ಬರುತ್ತದೆ, ಆದ್ದರಿಂದ ಅದನ್ನು ನನ್ನ ಲೆಕ್ಕಕ್ಕೆ ಹಿಡಿಯಲಾಗುವುದಿಲ್ಲ. ಅಣ್ಣನಿಗೆ ಈಗ ಕೈ ನಡುಗುತ್ತದೆ, ಚೀಲ ಹೊತ್ತು ತಿರುಗುವುದು ಬಿಟ್ಟಿದ್ದಾನೆ. ಗೂಡಿನ ಮುಂದೆ ಕುಳಿತಿರುತ್ತಾನೆ. ನನ್ನನ್ನು ಕಂಡ ಕೂಡಲೇ ಎದ್ದು ನಿಲ್ಲುತ್ತಾನೆ.

"ಬರ್ರಿ ಸಾವಕಾರ್ರ, ಕುಂದ್ರಿ" ಎನ್ನುತ್ತಾನೆ. ಒಳಗೆ ತಿರುಗಿ ಸೊಸೆಗೆ, "ಸಾವಕಾರ್ರಿಗೆ ಚಾ ಮಾಡವಾ" ಎನ್ನುತ್ತಾನೆ.

ಆ ಸಂಜೆಯವರೆಗೆ ಅವನು ನನ್ನನ್ನು ಕರೆದದ್ದು ತಮ್ಮ ಎಂದು. ಅಂದಿನಿಂದ ಸಾವಕಾರ್ರ ಎನ್ನುತ್ತಾನೆ. ಚುಚ್ಚಲು ಹೇಳುತ್ತಾನೆಯೇ ಎಂದು ಅವನ ಮುಖ ನೋಡುತ್ತೇನೆ. ಚುಚ್ಚಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವನು ಖರೇನೇ ಹೇಳುತ್ತಾನೆ, ನಾನು ಕೊಟ್ಟ ಸಂಬಂಧವನ್ನು ನೇರ್ಪಾಗಿ ನಡೆಸಿಕೊಂಡು ಹೋಗುತ್ತಾನೆ. ಮಳೆಯ ಮಾತು, ಮಂಡಿಯ ಮಾತು, ಮೊಮ್ಮಗಳ ಬಸಿರಿನ ಮಾತು ಆಡುತ್ತೇವೆ. ಚಹಾ ಮುಗಿಯುತ್ತದೆ. ಹೇಳಬೇಕಾದ ಮಾತು ಹೇಳದೆಯೇ ಲೋಟ ಕೆಳಗಿಡುತ್ತೇನೆ. ಬೀಗರಿಗೆ, ದೇವರಿಗೆ, ಪರದೇಶದವಳಿಗೆ ಸಲೀಸಾಗಿ ಹೇಳಿದ ಅದೇ ಮಾತು. ಎದ್ದು ಬಸ್ ನಿಲ್ದಾಣಕ್ಕೆ ಬರುತ್ತೇನೆ.

ಬಾಯಿಯಲ್ಲಿ ಬಾರದ್ದನ್ನು ಕೈಯಲ್ಲಾದರೂ ಬರೆಯೋಣ ಎಂದು ಕುಳಿತೆ. ಆ ಸಂಜೆ ಬೀಗರು ಕೇಳಿದ್ದಕ್ಕೆ ಸರಿಯಾದ ಉತ್ತರ ಇನ್ನೂ ಬಾಕಿ ಇದೆ. ಯಾರು ಇವರು ಎಂದು ಕೇಳಿದ್ದರು. ಊರೂರು ತಿರುಗಿ ಕೊಡಕ್ಕೆ ಬೆಸುಗೆ ಹಾಕುತ್ತಿದ್ದವನ ಹಿರಿಯ ಮಗ. ನಾನು ಶಾಲೆಗೆ ಹೋಗಲೆಂದು ತಿದಿ ಒತ್ತಿದವನು. ಬ್ಯಾಡಗಿಯ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕುಕ್ಕರ್ ರಿಪೇರಿ ಮಾಡುವವನು. ನನ್ನ ಅಣ್ಣ.